‘ಪರಮಪ್ರಸಾದ ತಗೊಂಡರೂ ಏನೂ ಅನ್ನಿಸಲ್ಲ ಫಾದರ್, ನಿಲ್ಲಿಸಿಬಿಡಲಾ?’

ಪ್ರಶ್ನೆ: ಫಾದರ್, ನಮ್ಮದು ಕೋಲಾರದ ಹತ್ತಿರ ಒಂದು ಹಳ್ಳಿ. ಗುತ್ತಿಗೆಗೆ ಜಮೀನು ಹಿಡಿದು ಟೊಮ್ಯಾಟೊ ಹಾಕ್ತೀವಿ. ಈ ಸಲ ಬೆಳೆಗೆ ವೈರಸ್ ಬಿತ್ತು, ಉಳಿದಿದ್ದಕ್ಕೆ ರೇಟಿಲ್ಲ. ಸಂಘದ ಕಂತು ಬಾಕಿ ಇದೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಭಾನುವಾರ ಚರ್ಚಿನ ಪೂಜೆಗೆ ಹೋದರೆ ಕೂತಲ್ಲೇ ತೂಕಡಿಕೆ. ಪೂಜೆಯಲ್ಲಿ ಕೊಡೋ ಆ ಚಿಕ್ಕ ರೊಟ್ಟಿ, ಪರಮಪ್ರಸಾದ, ತಗೊಂಡರೂ ಏನೂ ಅನ್ನಿಸಲ್ಲ. ಒಂದು ರಾತ್ರಿ ಸಿಟ್ಟು ಬಂದು ದೇವರಿಗೇ ಬೈದುಬಿಟ್ಟೆ. ಆಮೇಲೆ ಮೂರು ತಿಂಗಳಿಂದ ಪರಮಪ್ರಸಾದ ತಗೊಳ್ಳೋ ಸಾಲಿಗೆ ಹೋಗ್ತಿಲ್ಲ, ಹಿಂದೆ ಕೂತಿದ್ದು ಎದ್ದು ಬರ್ತೀನಿ. ಮನಸ್ಸು ಸರಿ ಹೋಗೋವರೆಗೂ ಹೀಗೇ ಇರಲಾ? ಅಷ್ಟು ಚಿಕ್ಕ ರೊಟ್ಟಿಯಿಂದ ಶಕ್ತಿ ಬರುತ್ತೆ ಅಂತಾರಲ್ಲ, ಹೇಗೆ ಬರುತ್ತೆ?

ಉತ್ತರ:

ಬೇಡಮ್ಮ, ಕಾಯಬೇಡಿ. ಮನಸ್ಸು ಸರಿಹೋದ ಮೇಲೆ ತಗೊಳ್ಳೋಣ ಅಂತ ಕೂತರೆ ಆ ದಿನ ಬರುವುದೇ ಇಲ್ಲ. ಸಾಲಿಗೆ ಹೋಗಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ನೀವು ಹೆದರಿಕೊಂಡಿರುವ ವಿಷಯ ಮುಗಿಸಿಬಿಡೋಣ.

ದೇವರಿಗೆ ಬೈದೆ ಅಂದಿರಿ. ಕೀರ್ತನೆಗಳ ಪುಸ್ತಕ ತೆಗೆದು 88ನೇ ಕೀರ್ತನೆ ಓದಿ ನೋಡಿ. ದೇವರೇ, ಯಾಕೆ ನನ್ನ ಕೈಬಿಟ್ಟೆ, ಯಾಕೆ ಮುಖ ಮರೆಸಿಕೊಂಡೆ ಅಂತ ಉದ್ದಕ್ಕೂ ಜಗಳ. ಬೇರೆ ಕೀರ್ತನೆಗಳು ಅಳುತ್ತಾ ಶುರುವಾದರೂ ಹೆಚ್ಚಿನವು ಕೊನೆಗೆ ಸ್ತುತಿಗೆ ಬಂದು ನಿಲ್ಲುತ್ತವೆ. ಇದು ಹಾಗೂ ಇಲ್ಲ, ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಅಂತಲೇ ಬೈಬಲಿನಲ್ಲಿ ಇಟ್ಟಿದ್ದಾರೆ, ಯಾರೂ ಕಿತ್ತು ಹಾಕಿಲ್ಲ.

ನಮ್ಮ ಕಥೋಲಿಕ ಧರ್ಮಸಭೆಯ ಕಾನೂನು ಹೇಳುವುದು ಇಷ್ಟು: ಘೋರ ಪಾಪ ಮಾಡಿದ್ದೇನೆ ಅಂತ ಮನಸ್ಸಿಗೆ ಗೊತ್ತಿರುವವರು ಮೊದಲು ಪಾಪನಿವೇದನೆ ಮಾಡಿ, ಅಂದರೆ ಗುರುಗಳ ಮುಂದೆ ತಪ್ಪು ಹೇಳಿ ಕ್ಷಮೆ ಪಡೆದು, ಆಮೇಲೆ ಪರಮಪ್ರಸಾದ ತಗೊಳ್ಳಬೇಕು. ಘೋರ ಪಾಪ ಆಗಬೇಕಾದರೆ ಮಾಡಿದ ಕೆಲಸ ಗಂಭೀರವಾಗಿರಬೇಕು, ಅದು ತಪ್ಪು ಅಂತ ಪೂರ್ತಿ ಗೊತ್ತಿರಬೇಕು, ಗೊತ್ತಿದ್ದೂ ಬೇಕಂತಲೇ ಮಾಡಿರಬೇಕು. ಮೂರೂ ಸೇರಬೇಕು. ಬೆಳೆ ಹೋದ ರಾತ್ರಿ, ನಿದ್ದೆಯಿಲ್ಲದ ಕಣ್ಣಲ್ಲಿ ಬಾಯಿಗೆ ಬಂದ ಮಾತು ಈ ಲೆಕ್ಕಕ್ಕೆ ಬರುವುದು ಕಷ್ಟ. ತೂಕಡಿಕೆ ಪಾಪವಲ್ಲ. ಏನೂ ಅನ್ನಿಸದೇ ಇರುವುದಂತೂ ಪಾಪವೇ ಅಲ್ಲ. ಆದರೂ ಮನಸ್ಸು ಚುಚ್ಚುತ್ತಿದ್ದರೆ ಶನಿವಾರ ಸಂಜೆ ಹೋಗಿ ಐದು ನಿಮಿಷದ ಪಾಪನಿವೇದನೆ ಮಾಡಿ ಬನ್ನಿ. ಉದ್ದ ಕಥೆ ಬೇಡ. ‘ಸಿಟ್ಟಲ್ಲಿ ದೇವರಿಗೆ ಬೈದೆ ಫಾದರ್’ ಅಂದರೆ ಸಾಕು. ಆ ಮಾತು ಕೇಳಿ ಗಾಬರಿಯಾಗುವ ಗುರು ಈ ಸೀಮೆಯಲ್ಲಿ ಯಾರೂ ಇರಲಾರರು.

ಪರಮಪ್ರಸಾದ ಅಯೋಗ್ಯವಾಗಿ ತಿಂದರೆ ಶಿಕ್ಷೆ ಅಂತ ಬೈಬಲಿನಲ್ಲಿ ಸಂತ ಪೌಲರು ಬರೆದಿದ್ದಾರಲ್ಲ ಅನ್ನುವ ಭಯವೂ ಕೆಲವರಿಗಿದೆ. ಅದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಪೌಲರಿಗೆ ಯಾಕೆ ಸಿಟ್ಟು ಬಂತು ಅಂತ ಹಿಂದಿನ ಸಾಲುಗಳನ್ನು ಓದಿದರೆ ಗೊತ್ತಾಗುತ್ತದೆ. ಪ್ರಭುವಿನ ಭೋಜನಕ್ಕೆ ಅಂತ ಸೇರಿದ ಕಡೆ ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬಾ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಬೈಗುಳ ಬಿದ್ದಿದ್ದು ಆ ಉಳ್ಳವರಿಗೆ, ಬೇಸರದಿಂದ ಹಿಂದಿನ ಬೆಂಚಿನಲ್ಲಿ ಕೂತವರಿಗಲ್ಲ. ನೀವು ಸುಮ್ಮನೆ ಇನ್ನೊಬ್ಬರ ಏಟನ್ನು ನಿಮ್ಮ ಬೆನ್ನಿಗೆ ತಗೊಂಡಿದ್ದೀರಿ.

ಈಗ ‘ಏನೂ ಅನ್ನಿಸಲ್ಲ’ ಅನ್ನುವುದಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಮೊದಲ ಪರಮಪ್ರಸಾದ ಎಂಥ ರಾತ್ರಿ ಕೊಟ್ಟಿದ್ದು ಅಂತ ಯೋಚನೆ ಮಾಡಿ. ಯೇಸುಸ್ವಾಮಿ ರೊಟ್ಟಿ ಮುರಿದಿದ್ದು ಎಲ್ಲ ಚೆನ್ನಾಗಿದ್ದ ದಿನದಲ್ಲಲ್ಲ. ಹಿಡಿದುಕೊಟ್ಟ ರಾತ್ರಿಯಲ್ಲಿ ಅಂತಲೇ ಪೌಲರು ಬರೆಯುತ್ತಾರೆ, ನಾವೂ ಕೆಲವು ಪೂಜೆಗಳಲ್ಲಿ ಅದೇ ಮಾತು ಕೇಳುತ್ತೇವೆ. ಒಬ್ಬ ಶಿಷ್ಯ ಅವರನ್ನು ದುಡ್ಡಿಗೆ ಮಾರಿಯಾಗಿತ್ತು. ಇನ್ನೊಬ್ಬ ಬೆಳಗಾಗುವುದರೊಳಗೆ ಮೂರು ಸಲ ನನಗೆ ಗೊತ್ತೇ ಇಲ್ಲ ಅನ್ನುವವನಿದ್ದ. ಉಳಿದವರು ಓಡಿಹೋಗುವವರಿದ್ದರು. ಇದೆಲ್ಲ ಗೊತ್ತಿದ್ದೇ ಅವರ ಕೈಗೆ ಕೊಟ್ಟರು. ತಗೊಂಡವರು ಆಮೇಲೆ ಏನು ಮಾಡಿದರು? ಗೆತ್ಸೆಮನೆ ತೋಟಕ್ಕೆ ಹೋಗಿ ನಿದ್ದೆ ಮಾಡಿದರು. ದುಃಖದಿಂದ ದಣಿದು ಮಲಗಿದ್ದರು ಅಂತ ಲೂಕನ ಶುಭಸಂದೇಶ ಹೇಳುತ್ತದೆ. ಲೋಕದಲ್ಲೇ ಮೊದಲು ಪರಮಪ್ರಸಾದ ತಗೊಂಡವರು ತಗೊಂಡ ಕೆಲವೇ ಹೊತ್ತಿಗೆ ತೂಕಡಿಸಿದವರು ಕಣಮ್ಮ. ಬೆಳಗಿನ ಜಾವ ಮಂಡಿಗೆ ಬಾಕ್ಸ್ ಕಳಿಸಿ, ಅತ್ತೆಗೆ ಮೈ ಒರೆಸಿ, ಆಮೇಲೆ ಪೂಜೆಗೆ ಬಂದು ಕೂರುವ ನೀವು ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಫ್ರಾನ್ಸಿನ ಲಿಸಿಯೋದಲ್ಲಿ ಸನ್ಯಾಸಿನಿಯಾಗಿದ್ದ ಸಂತ ತೆರೇಸಾ ಕೂಡ ಪರಮಪ್ರಸಾದ ತಗೊಂಡ ಮೇಲಿನ ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದೆ ಅಂತ ತಾನೇ ಬರೆದುಕೊಂಡಿದ್ದಾಳೆ. ಮುಚ್ಚುಮರೆ ಇಲ್ಲ.

ಇನ್ನು ಕೋಲ್ಕತ್ತಾದ ಮದರ್ ತೆರೇಸಾ. ಅವರು 1997ರಲ್ಲಿ ತೀರಿಕೊಂಡರು. ಅವರ ಕಾಗದಗಳು 2007ರಲ್ಲಿ ಹೊರಗೆ ಬಂದಾಗ ತುಂಬಾ ಜನರಿಗೆ ಆಶ್ಚರ್ಯವಾಯಿತು, ಯಾಕೆಂದರೆ ಹತ್ತಾರು ವರ್ಷ ಅವರಿಗೆ ಒಳಗೆ ದೇವರು ಇದ್ದಾರೆ ಅಂತಲೇ ಅನ್ನಿಸುತ್ತಿರಲಿಲ್ಲ. ಆದರೂ ಅವರು ದಿನಾ ಪೂಜೆ ಬಿಡಲಿಲ್ಲ. 1973ರಿಂದ ಅವರ ಸಿಸ್ಟರ್‌ಗಳು ದಿನಕ್ಕೆ ಒಂದು ಗಂಟೆ ಪರಮಪ್ರಸಾದದ ಮುಂದೆ ಕೂರುವುದನ್ನು ನಿಯಮ ಮಾಡಿಕೊಂಡರು. ಖುಷಿ ಸಿಗುತ್ತದೆ ಅಂತ ಕೂತಿದ್ದರೆ ಅವರು ಒಂದು ತಿಂಗಳಲ್ಲೇ ಎದ್ದು ಹೋಗುತ್ತಿದ್ದರು.

ನಿಮಗೆ ಗೊತ್ತಿರುವ ರೀತಿಯಲ್ಲೇ ಹೇಳುತ್ತೇನೆ. ಟೊಮ್ಯಾಟೊ ಸಾಲಿಗೆ ಮಲ್ಚಿಂಗ್ ಶೀಟ್ ಹಾಸಿ ಕೆಳಗೆ ಡ್ರಿಪ್ ಬಿಟ್ಟಿರುತ್ತೀರಲ್ಲ, ಮೇಲಿನಿಂದ ನೋಡಿದವರಿಗೆ ನೆಲ ಒಣಗಿಯೇ ಕಾಣುತ್ತದೆ, ನೀರು ಹರಿಯುವ ಸದ್ದೂ ಇಲ್ಲ. ಆದರೆ ಬೇರಿನ ಹತ್ತಿರ ಹನಿ ಬೀಳುತ್ತಿರುತ್ತದೆ. ಪರಮಪ್ರಸಾದ ಕೆಲಸ ಮಾಡುವುದೂ ಹೆಚ್ಚು ಕಡಿಮೆ ಹೀಗೇ. ನಮ್ಮ ಧರ್ಮಸಭೆಯ ಉಪದೇಶದ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಮಾತಿದೆ: ಊಟ ಮೈಗೆ ಕಳೆದ ಶಕ್ತಿಯನ್ನು ತಂದುಕೊಡುವ ಹಾಗೆ ಇದು ದಿನದ ಬದುಕಿನಲ್ಲಿ ಸೊರಗುವ ಪ್ರೀತಿಗೆ ಶಕ್ತಿ ಕೊಡುತ್ತದೆ. ಪ್ರೀತಿಗೆ ಅಂತಿದೆ ನೋಡಿ, ಉತ್ಸಾಹಕ್ಕೆ ಅಂತಿಲ್ಲ. ಇದರಿಂದ ಟೊಮ್ಯಾಟೊ ರೇಟು ಏರುವುದಿಲ್ಲ, ಸಾಲ ತೀರುವುದಿಲ್ಲ. ತೀರುತ್ತದೆ ಅಂತ ಮೈಕ್ ಹಿಡಿದು ಹೇಳುವವರು ಸಿಕ್ಕರೆ ದೂರ ಇರಿ. ಕೆಲಸ ನಡೆದಿದೆಯಾ ಅಂತ ತಿಳಿಯಬೇಕಾದರೆ ಪೂಜೆ ಮುಗಿದ ಕೂಡಲೇ ಎದೆ ಮುಟ್ಟಿ ನೋಡಿಕೊಳ್ಳಬೇಡಿ. ಬುಧವಾರ ಅತ್ತೆ ಮೂರನೇ ಸಲ ಕೂಗಿದಾಗ ನೀವು ಎದ್ದು ಹೋದಿರಾ? ಗಂಡನ ಮೇಲೆ ಕೂಗಾಡಬೇಕು ಅನ್ನಿಸಿ ಸುಮ್ಮನಾದಿರಾ? ಅದನ್ನು ನೋಡಿ. ಈ ಮೂರು ತಿಂಗಳೂ ನೀವು ಅತ್ತೆಯನ್ನು ಬಿಟ್ಟಿಲ್ಲ, ಪೂಜೆಯನ್ನೂ ಬಿಟ್ಟಿಲ್ಲ, ಹಿಂದೆಯಾದರೂ ಬಂದು ಕೂತಿದ್ದೀರಿ. ಆ ಬಲ ಎಲ್ಲಿಂದ ಬಂತು ಅಂದುಕೊಂಡಿರಿ?

ಎಲೀಯ ಪ್ರವಾದಿಯ ಕಥೆ ಗೊತ್ತಲ್ವಾ? ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ. ನನಗೆ ಕೇಳಿದರೆ ಸೋತವರೆಲ್ಲ ಇದನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡ ಮನುಷ್ಯ, ಅದರ ಬೆನ್ನಿಗೇ ರಾಣಿ ಈಜೆಬೆಲ್ ಕೊಲ್ಲಿಸುತ್ತೇನೆ ಅಂತ ಹೇಳಿಕಳಿಸಿದಾಗ ಹೆದರಿ ಓಡುತ್ತಾನೆ, ಜೊತೆಗಿದ್ದ ಆಳನ್ನೂ ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಮರಳುಗಾಡಿಗೆ ಹೋಗಿ, ಒಂದು ಕುರುಚಲು ಗಿಡದ ಕೆಳಗೆ ಕೂತು, ಸಾಕು ಪ್ರಭು ನನ್ನ ಜೀವ ತೆಗೆದುಕೋ ಅನ್ನುತ್ತಾನೆ. ಹಾಗೇ ಮಲಗುತ್ತಾನೆ. ದೇವದೂತ ಬಂದು ಏನು ಹೇಳಿದ? ಯಾಕೆ ಇಷ್ಟು ಕಡಿಮೆ ವಿಶ್ವಾಸ ಅಂತ ಕೇಳಲಿಲ್ಲ. ಜಾಸ್ತಿ ಪ್ರಾರ್ಥನೆ ಮಾಡು ಅಂತ ಉಪದೇಶ ಕೊಡಲಿಲ್ಲ (ನಿಮ್ಮ ಬೀದಿಯಲ್ಲಿ ಈ ಉಪದೇಶ ಕೊಡುವವರು ಎಷ್ಟು ಜನ ಅಂತ ನಾನು ಊಹಿಸಬಲ್ಲೆ). ಮೈ ಮುಟ್ಟಿ, ಏಳು, ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಮಡಕೆ ನೀರು. ಅಷ್ಟೇ.

ಆಮೇಲಿನದು ನನಗೆ ತುಂಬಾ ಇಷ್ಟವಾದ ಭಾಗ. ಎಲೀಯ ತಿಂದ, ಕುಡಿದ, ಮತ್ತೆ ಮಲಗಿಬಿಟ್ಟ! ದೇವದೂತನ ಕೈಯಿಂದ ತಿಂದರೂ ಏನೂ ಆಗಲಿಲ್ಲ. ದೂತ ಎರಡನೇ ಸಲ ಬಂದ. ಏಳು, ತಿನ್ನು, ಇನ್ನೂ ದಾರಿ ತುಂಬಾ ಇದೆ ಅಂದ. ಆಗ ಎದ್ದು ತಿಂದು ಹೊರಟವನು 40 ಹಗಲು 40 ರಾತ್ರಿ ನಡೆದು ಹೋರೇಬ್ ಬೆಟ್ಟ ಸೇರಿದ. ರಾಣಿ ಅಲ್ಲೇ ಇದ್ದಳು, ಬೆದರಿಕೆ ಹಾಗೇ ಇತ್ತು. ಬದಲಾಗಿದ್ದು ಕಾಲಿನ ಬಲ ಮಾತ್ರ. ಈ ಪಾಠವನ್ನು ಪೂಜೆಯಲ್ಲಿ ಮೂರು ವರ್ಷಕ್ಕೊಮ್ಮೆ ಆಗಸ್ಟ್ ತಿಂಗಳ ಒಂದು ಭಾನುವಾರ ಓದುತ್ತಾರೆ, ಯೇಸುಸ್ವಾಮಿ ನಾನೇ ಜೀವದ ರೊಟ್ಟಿ ಅನ್ನುವ ಯೊವಾನ್ನನ 6ನೇ ಅಧ್ಯಾಯದ ಜೊತೆಗೆ. 2024ರಲ್ಲಿ ಓದಿದ್ದೆವು, ಮತ್ತೆ 2027ರಲ್ಲಿ ಬರುತ್ತದೆ. ಬೇಕಂತಲೇ ಜೋಡಿಸಿ ಇಟ್ಟಿದ್ದಾರೆ.

ಅದೇ 6ನೇ ಅಧ್ಯಾಯದ ಕೊನೆಗೆ ಇನ್ನೊಂದಿದೆ. ಈ ರೊಟ್ಟಿಯ ಮಾತು ಕೇಳಿ ಇದು ಜೀರ್ಣವಾಗಲ್ಲ ಅಂತ ಬಹಳ ಶಿಷ್ಯರು ಎದ್ದು ಹೋದರು. ನೀವೂ ಹೋಗುತ್ತೀರಾ ಅಂತ ಯೇಸು ಹನ್ನೆರಡು ಜನರನ್ನು ಕೇಳಿದಾಗ, ನಾವು ಇನ್ಯಾರ ಹತ್ತಿರ ಹೋಗೋಣ ಸ್ವಾಮಿ ಅಂದ ಪೇತ್ರ. ನಿತ್ಯಜೀವದ ಮಾತು ನಿಮ್ಮಲ್ಲೇ ಇದೆ ಅಂತಲೂ ಸೇರಿಸಿದ, ನಿಜ. ಆದರೆ ಮೊದಲು ಬಾಯಿಗೆ ಬಂದಿದ್ದು ಬೇರೆ ದಿಕ್ಕಿಲ್ಲದವನ ಮಾತು. ನಿಮಗೆ ಬೇರೆ ಪ್ರಾರ್ಥನೆ ಬಾರದಿದ್ದರೆ ಸಾಲಿನಲ್ಲಿ ನಿಂತಾಗ ಇದೊಂದನ್ನೇ ಹೇಳಿಕೊಳ್ಳಿ.

ಅಷ್ಟು ಚಿಕ್ಕ ರೊಟ್ಟಿಯಿಂದ ಹೇಗೆ ಅಂದಿರಿ. ಇನ್ನೂ ಚಿಕ್ಕದರಲ್ಲಿ ಬದುಕಿದವರೊಬ್ಬರ ವಿಷಯ ಹೇಳುತ್ತೇನೆ. ವಿಯೆಟ್ನಾಂನ ಧರ್ಮಾಧ್ಯಕ್ಷರು ಗುಯೆನ್ ವಾನ್ ಥುವಾನ್. 1975ರ ಆಗಸ್ಟ್ 15ರಂದು, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬದ ದಿನವೇ, ಸರ್ಕಾರ ಅವರನ್ನು ಹಿಡಿಯಿತು. 13 ವರ್ಷ ಸೆರೆ, ಅದರಲ್ಲಿ 9 ವರ್ಷ ಒಂಟಿ ಕೋಣೆ. ಬಟ್ಟೆ, ಟೂತ್‌ಪೇಸ್ಟ್ ಬೇಕು ಅಂತ ಮನೆಯವರಿಗೆ ಚೀಟಿ ಬರೆಯುವಾಗ ಹೊಟ್ಟೆನೋವಿಗೆ ಔಷಧಿಯಾಗಿ ಸ್ವಲ್ಪ ವೈನ್ ಕಳಿಸಿ ಅಂತಲೂ ಬರೆದರು. ಅವರಿಗೆ ಅರ್ಥವಾಯಿತು. ಹೊಟ್ಟೆನೋವಿನ ಔಷಧಿ ಅಂತ ಚೀಟಿ ಅಂಟಿಸಿ ಚಿಕ್ಕ ಬಾಟಲಿಯಲ್ಲಿ ಪೂಜೆಯ ದ್ರಾಕ್ಷಾರಸ ಕಳಿಸಿದರು, ರೊಟ್ಟಿಯನ್ನೂ ಅಡಗಿಸಿ ಕಳಿಸಿದರು. ದಿನಾ ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಹಾಕಿಕೊಂಡು ಪೂಜೆ ಮಾಡುತ್ತಿದ್ದರು. ಕ್ಯಾಂಪಿನಲ್ಲಿ ಬೇರೆ ಕೈದಿಗಳ ಜೊತೆ ಮಲಗುವಾಗ ರಾತ್ರಿ ದೀಪ ಆರಿದ ಮೇಲೆ ಬಾಯಿಪಾಠವಾಗಿ ಪೂಜೆ ಹೇಳಿ ಸೊಳ್ಳೆಪರದೆಯ ಕೆಳಗಿನಿಂದ ಪರಮಪ್ರಸಾದ ಕೈಗೆ ಕೈ ದಾಟಿಸುತ್ತಿದ್ದರು, ಸಿಗರೇಟು ಪ್ಯಾಕಿನ ಕಾಗದದಲ್ಲಿ ಅದನ್ನು ಸುತ್ತಿಟ್ಟುಕೊಳ್ಳುತ್ತಿದ್ದರು. ಅವರು ಬಿಡುಗಡೆಯಾಗಿದ್ದು 1988ರಲ್ಲಿ. ಪೂಜೆ ಮಾಡಿದರು ಅಂತ ಬಾಗಿಲು ಬೇಗ ತೆರೆಯಲಿಲ್ಲ. ಆದರೆ ಹೊರಬಂದಾಗ ಅವರಲ್ಲಿ ಕಹಿ ಇರಲಿಲ್ಲ, ಕಾವಲಿನವರೇ ಕೆಲವರು ಅವರಿಗೆ ಸ್ನೇಹಿತರಾಗಿದ್ದರು.

ಸರಿ, ಇಷ್ಟೆಲ್ಲ ಕೇಳಿಯೂ ನೀವು ಒಬ್ಬರೇ ಹೊತ್ತುಕೊಂಡರೆ ಆಗುವುದಿಲ್ಲ. ಪರಮಪ್ರಸಾದ ನನಗೂ ದೇವರಿಗೂ ಮಾತ್ರ ಸೇರಿದ ವಿಷಯ ಅಂತ ನಾವು ಅಂದುಕೊಂಡಿದ್ದೇವೆ, ಅಲ್ಲೇ ಅರ್ಧ ಶಕ್ತಿ ಸೋರಿಹೋಗುತ್ತದೆ. ಸುಮಾರು ಕ್ರಿ.ಶ. 155ರಲ್ಲಿ ರೋಮ್‌ನಲ್ಲಿದ್ದ ಸಂತ ಜಸ್ಟಿನ್ ಆಗಿನ ಭಾನುವಾರದ ಪೂಜೆ ಹೇಗಿತ್ತು ಅಂತ ಬರೆದಿಟ್ಟಿದ್ದಾರೆ. ಓದುತ್ತಾರೆ, ಪ್ರಾರ್ಥಿಸುತ್ತಾರೆ, ರೊಟ್ಟಿ ಹಂಚುತ್ತಾರೆ, ಬರಲಾಗದವರಿಗೆ ಮನೆಗೆ ತಲುಪಿಸುತ್ತಾರೆ. ಜೊತೆಗೆ ಉಳ್ಳವರು ಕೊಟ್ಟಿದ್ದನ್ನು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ ಹಂಚುತ್ತಾರೆ. ಎರಡೂ ಒಂದೇ ಪೂಜೆಯ ಭಾಗ. ಹಾಗಾಗಿ ಸಾಲದ ವಿಷಯ ಬಾಯಿ ಬಿಟ್ಟು ಹೇಳಿ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಹೇಳಿ. ಸಂತ ವಿನ್ಸೆಂಟ್ ದೆ ಪಾಲ್ ಸಭೆ ಇದ್ದರೆ ಅವರಿಗೆ ಹೇಳಿ, ಇದು 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿದ್ದೇ ಕಷ್ಟದಲ್ಲಿರುವವರ ಮನೆಗೆ ಹೋಗಿ ನೋಡುವುದಕ್ಕೆ. ಅವರು ಪೂರ್ತಿ ಸಾಲ ತೀರಿಸಲಾರರು. ಮಗುವಿನ ಫೀಸಿಗೋ ಅತ್ತೆಯ ಮಾತ್ರೆಗೋ ಆಗಬಹುದು. ಸಾಲಿನಲ್ಲಿ ನಿಮ್ಮ ಮುಂದೆ ನಿಂತವರಿಗೂ ಕಂತು ಬಾಕಿ ಇರಬಹುದು, ಅವರೂ ನಿಮ್ಮ ಹಾಗೇ ಮುಚ್ಚಿಟ್ಟುಕೊಂಡಿರಬಹುದು. ಟೊಮ್ಯಾಟೊ ಬಿದ್ದ ವರ್ಷ ಕೋಲಾರದಲ್ಲಿ ಒಬ್ಬರೇ ಬೀಳುತ್ತಾರಾ?

ಇನ್ನೊಂದು ಮಾತು, ಇದನ್ನು ಲಘುವಾಗಿ ತಗೊಳ್ಳಬೇಡಿ. ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕಿದ್ದು ಏನು ಪ್ರಯೋಜನ ಅನ್ನಿಸುತ್ತದೆ, ಇದು ಎರಡು ವಾರ ಬಿಡದೆ ಇದ್ದರೆ ಅದು ಬರೀ ಬೇಸರ ಅಲ್ಲ, ಕಾಯಿಲೆ ಇರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಇವತ್ತೇ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ. ಮಾತ್ರೆ ತಗೊಂಡರೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಅಂದರೆ ಎಲೀಯನಿಗೆ ದೂತ ಮೊದಲು ಕೊಟ್ಟಿದ್ದು ಏನು ಅಂತ ಕೇಳಿ.

ಈಗ ಮಾಡಬೇಕಾದ್ದು. ಲೊಯೋಲಾದ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಒಂದು ನಿಯಮ ಹೇಳಿದ್ದಾರೆ: ಮನಸ್ಸು ಕತ್ತಲಲ್ಲಿ ಇರುವಾಗ ಹಳೆಯ ಒಳ್ಳೆಯ ನಿರ್ಧಾರ ಬದಲಾಯಿಸಬೇಡಿ. ಸಾಲಿಗೆ ಹೋಗಲ್ಲ ಅನ್ನುವುದು ನೀವು ಕತ್ತಲಲ್ಲಿ ಮಾಡಿದ ನಿರ್ಧಾರ. ಅದನ್ನು ಬಿಡಿ. ಈ ಭಾನುವಾರ ಸ್ವಲ್ಪ ಮುಂಚೆ ಹೋಗಿ. ಮಂಡಿಯ ಲೆಕ್ಕದ ಚೀಟಿ ಪರ್ಸಿನಲ್ಲೇ ಇರಲಿ. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವಾಗ, ಇದೇ ನನ್ನ ಹತ್ತಿರ ಇರೋದು ಸ್ವಾಮಿ ಅಂತ ಮನಸ್ಸಿನಲ್ಲೇ ಆ ಚೀಟಿಯನ್ನೂ ಅಲ್ಲಿಡಿ. ‘ಕ್ರಿಸ್ತರ ಶರೀರ’ ಅಂದಾಗ ‘ಆಮೆನ್’ ಅನ್ನಿ. ಜಾಗಕ್ಕೆ ಬಂದು ಕೂತ ಮೇಲೆ ಏನಾದರೂ ಅನ್ನಿಸುತ್ತದಾ ಅಂತ ಕಾಯಬೇಡಿ. ಸುಮ್ನೆ ಕೂತಿರಿ. ಕಣ್ಣು ಮುಚ್ಚಿ ನಿದ್ದೆ ಬಂದರೆ ಬರಲಿ.

ಭಾನುವಾರ ಕಟಾವು ಇದ್ದರೆ ಶನಿವಾರ ಸಂಜೆಯ ಪೂಜೆಗೆ ಹೋಗಿ, ಅದು ಭಾನುವಾರದ ಲೆಕ್ಕಕ್ಕೇ ಬರುತ್ತದೆ. ಅತ್ತೆಯನ್ನು ಬಿಟ್ಟು ಬರಲು ಆಗದ ವಾರ ಬರದಿದ್ದರೆ ಪಾಪವಲ್ಲ, ಕಾಯಿಲೆಯವರನ್ನು ನೋಡಿಕೊಳ್ಳುವುದು ಸರಿಯಾದ ಕಾರಣವೇ. ಆಗ ಮನೆಯಲ್ಲೇ ಕೂತು, ಈಗ ಬರಲು ಆಗುತ್ತಿಲ್ಲ, ನೀವೇ ನನ್ನ ಹತ್ತಿರ ಬನ್ನಿ ಅಂತ ಕೇಳಿಕೊಳ್ಳಿ. ನಾನು ಮೊದಲು ಹೇಳಿದ ಲಿಸಿಯೋದ ತೆರೇಸಾಗೆ ಕ್ಷಯ ಜಾಸ್ತಿಯಾಗಿ 1897ರ ಆಗಸ್ಟ್ 19ರ ನಂತರ ಪರಮಪ್ರಸಾದ ತಗೊಳ್ಳಲು ಆಗಲೇ ಇಲ್ಲ, ಸೆಪ್ಟೆಂಬರ್ 30ಕ್ಕೆ ತೀರಿಕೊಂಡಳು. ಆ ಆರು ವಾರ ದೇವರು ಅವಳಿಂದ ದೂರ ಇದ್ದರು ಅಂತ ಯಾರೂ ಹೇಳುವುದಿಲ್ಲ.

ಅತ್ತೆಯ ವಿಷಯಕ್ಕೆ ಬಂದರೆ, ಅವರಿಗೂ ಪರಮಪ್ರಸಾದ ಬೇಕಲ್ಲ, ಅವರು ಎಷ್ಟು ತಿಂಗಳಿಂದ ತಗೊಂಡಿಲ್ಲ? ಗುರುಗಳಿಗೆ ಫೋನ್ ಮಾಡಿ ಮನೆಗೆ ತರಲು ಕೇಳಿ. ಇದು ತೊಂದರೆ ಕೊಟ್ಟ ಹಾಗಲ್ಲ, ನಮ್ಮ ಕೆಲಸವೇ ಅದು. ತಗೊಳ್ಳುವ ಒಂದು ಗಂಟೆ ಮುಂಚೆ ಏನೂ ತಿನ್ನಬಾರದು ಅನ್ನುವ ನಿಯಮ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅನ್ವಯಿಸುವುದಿಲ್ಲ. ಅಂದರೆ ನಿಮಗೂ ಇಲ್ಲ, ಅತ್ತೆಯ ಜೊತೆ ನೀವೂ ತಗೊಳ್ಳಿ. ಹಾಸಿಗೆಯ ಪಕ್ಕ ಒಂದು ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಮತ್ತು ಒಂದು ಲೋಟ ನೀರು ಇಟ್ಟಿರಿ. ಅವರಿಗೆ ನುಂಗಲು ಕಷ್ಟವಾಗುತ್ತದೆ ಅಂದರೆ ಫೋನಿನಲ್ಲೇ ಹೇಳಿಬಿಡಿ, ಚೂರು ಮುರಿದು ಕೊಡುತ್ತಾರೆ.